ಬೀಜಿಂಗ್‌ನಲ್ಲಿ ಒಂದೇ ದಿನ ಇದ್ದರೆ: ಗೈಡ್ ಜೊತೆ ಅರಮನೆ ಮತ್ತು ಮಹಾಗೋಡೆ ನೋಡುವುದು ಹೇಗೆ

ಬೀಜಿಂಗ್‌ಗೆ ಹೋಗುವ ನಮ್ಮವರಲ್ಲಿ ಸುಮಾರು ಜನರಿಗೆ ಸುತ್ತಾಡಲು ಸಿಗುವುದು ಒಂದೇ ದಿನ. ಕಂಪನಿ ಕೆಲಸಕ್ಕೆ ಹೋದವರಿಗೆ ಒಂದು ಭಾನುವಾರ. ಮಗನನ್ನೋ ಮಗಳನ್ನೋ ಮೆಡಿಕಲ್ ಕಾಲೇಜಿಗೆ ಬಿಡಲು ಹೋದ ಅಪ್ಪ ಅಮ್ಮಂದಿರಿಗೆ ವಾಪಸ್ ವಿಮಾನಕ್ಕೆ ಮುಂಚಿನ ಒಂದು ದಿನ. ಆ ದಿನದಲ್ಲಿ ಐದು ಜಾಗ ತೋರಿಸುತ್ತೇವೆ ಎನ್ನುವ ಟೂರ್‌ಗಳು ಬೇಕಾದಷ್ಟಿವೆ.

ತಮ್ಮ ಅಲ್ಲಿ ಕೆಲಸಕ್ಕಿದ್ದಾಗ ನಾವು ಎರಡು ಸಲ ಹೋಗಿದ್ದೆವು. ಮೊದಲ ಸಲ ಅಂಥದ್ದೇ ಒಂದು ಅಗ್ಗದ ಬಸ್ ಟೂರ್ ಹಿಡಿದೆವು. ಜೇಡ್ ಕಲ್ಲಿನ ಅಂಗಡಿಯಲ್ಲಿ ಒಂದು ಗಂಟೆ ಹೋಯಿತು, ಟೀ ಅಂಗಡಿಯಲ್ಲಿ ಮುಕ್ಕಾಲು ಗಂಟೆ. ಮಹಾಗೋಡೆಯ ಮೇಲೆ ಸಿಕ್ಕಿದ್ದು ನಲವತ್ತು ನಿಮಿಷ. ಅಮ್ಮ ಮೊದಲ ಕಾವಲು ಗೋಪುರದ ಮೆಟ್ಟಿಲು ಹತ್ತಿ ಉಸಿರು ಬಿಡುವಷ್ಟರಲ್ಲಿ ಬಸ್ಸಿಗೆ ಕರೆದರು. ಎರಡನೇ ಸಲ ಎರಡೇ ಜಾಗ ಇಟ್ಟುಕೊಂಡೆವು. ಒಬ್ಬ ಒಳ್ಳೆಯ ಗೈಡ್, ಒಂದು ಕಾರು. ಅದೇ ಊರು ಎಂದು ನಂಬುವುದೇ ಕಷ್ಟವಾಯಿತು. ಆ ಎರಡನೇ ದಿನದ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎರಡು ಜಾಗ ಎಂದರೆ ಬೆಳಿಗ್ಗೆ ಚಕ್ರವರ್ತಿಗಳ ಅರಮನೆ, ಮಧ್ಯಾಹ್ನ ಮುಟಿಯಾನ್ಯು ಎಂಬಲ್ಲಿನ ಮಹಾಗೋಡೆ. ಅರಮನೆಯನ್ನು ಹೊರಗಿನವರು ಫರ್ಬಿಡನ್ ಸಿಟಿ ಎನ್ನುತ್ತಾರೆ. ಅಲ್ಲಿಯವರಿಗೆ ಅದು ಗುಗೊಂಗ್, ಅಂದರೆ ಹಳೆಯ ಅರಮನೆ. ಟ್ಯಾಕ್ಸಿಯವರಿಗೂ ದಾರಿಯಲ್ಲಿ ಸಿಕ್ಕವರಿಗೂ ಗುಗೊಂಗ್ ಎಂದರೇ ಅರ್ಥವಾಗುವುದು.

ಮೊದಲು ವಾರ ನೋಡಿಕೊಳ್ಳಿ

ಸೋಮವಾರ ಗುಗೊಂಗ್‌ಗೆ ರಜೆ. ಸರ್ಕಾರಿ ಹಬ್ಬದ ರಜೆ ಬಂದರೆ ಮಾತ್ರ ಸೋಮವಾರವೂ ತೆರೆದಿರುತ್ತದೆ. ನಿಮ್ಮ ಕೈಲಿರುವುದು ಸೋಮವಾರವೇ ಆಗಿದ್ದರೆ ಅರಮನೆಯ ಆಸೆ ಬಿಡಿ. ಬೆಳಿಗ್ಗೆ ಮಹಾಗೋಡೆ ಮುಗಿಸಿ, ಸಂಜೆ ಸಮ್ಮರ್ ಪ್ಯಾಲೇಸ್‌ನ ಕೆರೆ ದಂಡೆಯಲ್ಲಿ ನಡೆಯಿರಿ. ಅಲ್ಲಿ 728 ಮೀಟರ್ ಉದ್ದದ, ತೊಲೆ ತೊಲೆಗೂ ಚಿತ್ರ ಬರೆದ ಒಂದು ಮೊಗಸಾಲೆ ಇದೆ. ಅದೊಂದೇ ಸಾಕು.

ಅಕ್ಟೋಬರ್ 1ರಿಂದ ಒಂದು ವಾರ, ಮೇ ತಿಂಗಳ ಮೊದಲ ಐದು ದಿನ, ಅವರ ಹೊಸ ವರ್ಷದ ವಾರ. ಈ ಮೂರು ಸಮಯದಲ್ಲಿ ಇಡೀ ಚೀನಾ ರಸ್ತೆಯ ಮೇಲಿರುತ್ತದೆ. ಆಗ ಹೋಗಲೇಬೇಡಿ. ಏಪ್ರಿಲ್, ಮೇ ಮಧ್ಯಭಾಗ, ಸೆಪ್ಟೆಂಬರ್, ಅಕ್ಟೋಬರ್ ಕೊನೆ ಚೆನ್ನಾಗಿರುತ್ತದೆ. ಜನವರಿಯ ಚಳಿ ನಮ್ಮ ಮಡಿಕೇರಿ ಚಳಿಯಂತಲ್ಲ. ತಾಪಮಾನ ಸೊನ್ನೆಗಿಂತ ಕೆಳಗೆ ಹೋಗುತ್ತದೆ, ಗೋಡೆಯ ಮೇಲೆ ಗಾಳಿ ಬೇರೆ.

ಪಾಸ್‌ಪೋರ್ಟ್ ಮತ್ತು ಟಿಕೆಟ್

ಭಾರತದ ಪಾಸ್‌ಪೋರ್ಟ್ ಇರುವವರು ವೀಸಾ ಮೊದಲೇ ಮಾಡಿಸಿಕೊಂಡು ಹೋಗಬೇಕು.  ಕೆಲವು ವರ್ಷ ನಿಂತಿದ್ದ ಭಾರತ ಚೀನಾ ನಡುವಿನ ನೇರ ವಿಮಾನಗಳು 2025ರ ಕೊನೆಗೆ ಮತ್ತೆ ಶುರುವಾದವು.

ಈ ದಿನದ ಎಲ್ಲವೂ ನಿಂತಿರುವುದು ಗುಗೊಂಗ್ ಟಿಕೆಟ್ ಮೇಲೆ. ಅದನ್ನು ಬಾಗಿಲಲ್ಲಿ ಮಾರುವುದಿಲ್ಲ. ಹೆಸರು ಮತ್ತು ಪಾಸ್‌ಪೋರ್ಟ್ ನಂಬರ್ ಕೊಟ್ಟು ಆನ್‌ಲೈನ್‌ನಲ್ಲಿ ಮುಂಚೆಯೇ ತೆಗೆದುಕೊಳ್ಳಬೇಕು. ಏಳು ದಿನ ಮುಂಚೆ, ಅಲ್ಲಿಯ ರಾತ್ರಿ 8 ಗಂಟೆಗೆ ಬುಕಿಂಗ್ ತೆರೆಯುತ್ತದೆ. ನಮ್ಮ ಗಡಿಯಾರದಲ್ಲಿ ಆಗ ಸಂಜೆ ಐದೂವರೆ. ರಜೆಯ ದಿನಗಳಲ್ಲಿ ನೋಡನೋಡುತ್ತಲೇ ಖಾಲಿಯಾಗುತ್ತದೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ 60 ಯುವಾನ್, ಉಳಿದ ತಿಂಗಳು 40. ಬೆಳಗಿನ ಪಾಳಿಯ ಟಿಕೆಟ್ಟೇ ಬೇಕು ಎಂದು ಗೈಡ್‌ಗೆ ಹೇಳಿ. ಅರಮನೆಯ ಮುಂದಿರುವ ತಿಯಾನನ್ಮೆನ್ ಚೌಕಕ್ಕೂ ಮುಂಗಡ ನೋಂದಣಿ ಬೇಕು. ಅದಕ್ಕೆ ದುಡ್ಡಿಲ್ಲ, ಆದರೆ ಹೆಸರು ಇರಲೇಬೇಕು. ಎರಡನ್ನೂ ಗೈಡ್ ಕೈಲೇ ಮಾಡಿಸಿ.

ಇಲ್ಲೊಂದು ಮಾತು ನಮ್ಮವರಿಗಾಗಿಯೇ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇರುವವರು ನಮ್ಮಲ್ಲಿ ಬಹಳ. ಇನಿಷಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಸೇರಿಸಿದವರೂ ಇದ್ದಾರೆ. ಹೆಸರನ್ನು ನೀವೇ ಟೈಪ್ ಮಾಡಿ ಕಳಿಸಿದರೆ ಎಲ್ಲೋ ಒಂದು ಕಡೆ ತಪ್ಪುತ್ತದೆ. ಟೂರ್ ಪಕ್ಕಾ ಆದ ಮೇಲೆ ಪಾಸ್‌ಪೋರ್ಟ್ ಪುಟದ ಫೋಟೋವನ್ನೇ ಕಳಿಸಿ, ಟಿಕೆಟ್ ಆದ ಮೇಲೆ ಅದರ ಸ್ಕ್ರೀನ್‌ಶಾಟ್ ತರಿಸಿಕೊಂಡು ನಂಬರ್‌ನ ಒಂದೊಂದು ಅಂಕಿಯನ್ನೂ ಹೋಲಿಸಿ ನೋಡಿ. ಆ ದಿನ ಅಸಲಿ ಪಾಸ್‌ಪೋರ್ಟ್ ಜೇಬಿನಲ್ಲಿರಬೇಕು. ಜೆರಾಕ್ಸ್ ನಡೆಯುವುದಿಲ್ಲ.

ಗೈಡ್ ಆರಿಸುವುದು

ಗೈಡ್ ಇಲ್ಲದೆಯೂ ಹೋಗಬಹುದು, ಮೆಟ್ರೋ ಇದೆ, ಬಸ್ಸಿದೆ. ಆದರೆ ಒಂದೇ ದಿನ ಇದ್ದಾಗ, ಭಾಷೆ ಗೊತ್ತಿಲ್ಲದಾಗ, ಜೊತೆಗೆ ವಯಸ್ಸಾದವರಿದ್ದಾಗ ಗೈಡ್ ತೆಗೆದುಕೊಳ್ಳಿ. ಬಸ್ ಟೂರ್ ಅಗ್ಗ. ನಾಲ್ಕು ಜನ ಇದ್ದರೆ ಖಾಸಗಿ ಕಾರು ಮತ್ತು ಗೈಡ್ ತಲೆಗೆ ಅಷ್ಟೇನೂ ಜಾಸ್ತಿ ಬೀಳುವುದಿಲ್ಲ.

ಹಣ ಕಟ್ಟುವ ಮೊದಲು ಈ ಪ್ರಶ್ನೆಗಳಿಗೆ ಬರಹದಲ್ಲೇ ಉತ್ತರ ಪಡೆಯಿರಿ. ಅಂಗಡಿಗಳಲ್ಲಿ ನಿಲ್ಲಿಸುತ್ತೀರಾ? ಗುಗೊಂಗ್ ಟಿಕೆಟ್ ಸಿಗದಿದ್ದರೆ ಹಣ ವಾಪಸ್ಸಾ? ಗೋಡೆಯ ಮೇಲೆ ಎಷ್ಟು ಗಂಟೆ? ಯಾವ ಗೋಡೆ? ಪ್ರವೇಶ ಟಿಕೆಟ್, ಶಟಲ್ ಬಸ್, ಕೇಬಲ್ ಕಾರ್ ಮೂರೂ ಸೇರಿದೆಯಾ? ಈ ಮೂರಕ್ಕೂ ಬೇರೆ ಬೇರೆ ಹಣ, ಹಾಗಾಗಿ ಒಂದೊಂದನ್ನೂ ಹೆಸರು ಹಿಡಿದು ಕೇಳಿ.

ಅಂಗಡಿಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಟೂರ್ ಅಷ್ಟೊಂದು ಅಗ್ಗವಾಗುವುದು ಅಂಗಡಿಗಳ ಕಮಿಷನ್‌ನಿಂದ. 2013ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಚೀನಾದ ಪ್ರವಾಸೋದ್ಯಮ ಕಾನೂನು ಇದನ್ನು ತಡೆಯುತ್ತದೆ. ತೀರಾ ಕಡಿಮೆ ದರ ತೋರಿಸಿ ಜನರನ್ನು ಸೆಳೆದು, ಆಮೇಲೆ ಖರೀದಿಗೆ ಕರೆದುಕೊಂಡು ಹೋಗಿ ಕಮಿಷನ್ ಹೊಡೆಯುವಂತಿಲ್ಲ. ಇದು ನಿಮಗೆ ಗೊತ್ತಿದೆ ಎಂದು ಸೌಮ್ಯವಾಗಿ ತಿಳಿಸಿದರೂ ಸಾಕು, ಮಾತಿನ ಧಾಟಿ ಬದಲಾಗುತ್ತದೆ. ಗೈಡ್‌ಗಳಿಗೆ ಸರ್ಕಾರಿ ಪರವಾನಗಿ ಕಾರ್ಡ್ ಇರುತ್ತದೆ. ಬೆಳಿಗ್ಗೆ ಭೇಟಿಯಾದಾಗ ತೋರಿಸಿ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ.

ಗೋಡೆಯ ಬಗ್ಗೆ ನನ್ನ ಮಾತು ಕೇಳುವುದಾದರೆ ಬಡಾಲಿಂಗ್ ಎಂಬಲ್ಲಿನ ಭಾಗ ಬೇಡ. ಪ್ರವಾಸಿಗರಿಗೆ ಮೊದಲು ತೆರೆದದ್ದು ಅದೇ, 1957ರಲ್ಲಿ. ರೈಲು ಕೂಡ ಹೋಗುತ್ತದೆ. ಅದಕ್ಕೇ ಅಲ್ಲಿ ಜಾತ್ರೆಯಂತೆ ಜನ. ಮುಟಿಯಾನ್ಯು ನಗರದಿಂದ ಸುಮಾರು 70 ಕಿಲೋಮೀಟರ್, ಕಾರಿನಲ್ಲಿ ಒಂದೂವರೆಯಿಂದ ಎರಡು ಗಂಟೆ. ಸುತ್ತ ಕಾಡು, ಉಸಿರಾಡಲು ಜಾಗ.

ಫೋನು, ದುಡ್ಡು, ಚೀಲ

ಗೂಗಲ್, ವಾಟ್ಸಾಪ್, ಯೂಟ್ಯೂಬ್ ಅಲ್ಲಿಯ ವೈಫೈನಲ್ಲಿ ತೆರೆಯುವುದಿಲ್ಲ. ನಮ್ಮ ಸಿಮ್‌ಗೇ ಅಂತರರಾಷ್ಟ್ರೀಯ ರೋಮಿಂಗ್ ಹಾಕಿಸಿಕೊಂಡರೆ ಸಾಮಾನ್ಯವಾಗಿ ನಡೆಯುತ್ತದೆ. ಗೈಡ್ ಮಾತಾಡುವುದು ವೀಚಾಟ್‌ ಎಂಬ ಅಲ್ಲಿಯ ಮೆಸೇಜ್ ಆ್ಯಪ್‌ನಲ್ಲಿ. ಅದರ ಹೊಸ ಖಾತೆಗೆ ಕೆಲವೊಮ್ಮೆ ಹಳೆಯ ಬಳಕೆದಾರರೊಬ್ಬರ ಒಪ್ಪಿಗೆ ಕೇಳುತ್ತದೆ. ಭಾರತದಲ್ಲಿ ಈ ಆ್ಯಪ್ 2020ರಲ್ಲೇ ನಿಷೇಧವಾಗಿದೆ, ಊರಲ್ಲಿ ಖಾತೆ ತೆರೆಯಲು ಆಗದಿರಬಹುದು. ಹೇಗೆ ಸಂಪರ್ಕಿಸುವುದು ಎಂದು ಗೈಡ್ ಹತ್ತಿರ ಮೊದಲೇ ಕೇಳಿಕೊಳ್ಳಿ. ಅಲ್ಲಿ ದುಡ್ಡು ಕೊಡಲು ಬಳಸುವ ಅಲಿಪೇ ಆ್ಯಪ್‌ಗೆ ನಿಮ್ಮ ವೀಸಾ ಅಥವಾ ಮಾಸ್ಟರ್ ಕಾರ್ಡ್ ಜೋಡಿಸಿ. ಅಲ್ಲಿ ಸೀಬೆಹಣ್ಣು ಮಾರುವವರೂ ಕ್ಯೂಆರ್ ಕೋಡ್ ಇಟ್ಟಿರುತ್ತಾರೆ. ಜೊತೆಗೆ ಕೊಂಚ ನಗದು ಇರಲಿ.

ಚೀಲ ಚಿಕ್ಕದಿರಲಿ, ಲೈಟರ್ ಬೇಡ. ಟಿಶ್ಯೂ ಪೇಪರ್ ಮರೆಯಬೇಡಿ, ಎಷ್ಟೋ ಶೌಚಾಲಯಗಳಲ್ಲಿ ಇರುವುದಿಲ್ಲ. ಚೀನಾದ ಒಳಗಿನ ವಿಮಾನಗಳಲ್ಲಿ ಹೋಗುವವರಿದ್ದರೆ ಪವರ್ ಬ್ಯಾಂಕ್ ನೋಡಿಕೊಳ್ಳಿ. 2025ರ ಜೂನ್ ಕೊನೆಯಿಂದ 3ಸಿ ಎಂಬ ಅವರ ಸುರಕ್ಷತಾ ಗುರುತು ಇಲ್ಲದ್ದನ್ನು ಬಿಡುತ್ತಿಲ್ಲ.

ಸಸ್ಯಾಹಾರಿಗಳು ಗೈಡ್‌ಗೆ ಹಿಂದಿನ ದಿನವೇ ಹೇಳಿ. ಬರೀ ವೆಜಿಟೇರಿಯನ್ ಎಂದರೆ ಸಾಲದು. ಹಂದಿ ಕೊಬ್ಬು, ಕೋಳಿ ಪುಡಿ, ಆಯ್ಸ್ಟರ್ ಸಾಸ್ ಹಾಕಿದ ಸೊಪ್ಪನ್ನೂ ಅಲ್ಲಿ ತರಕಾರಿ ಎಂದೇ ತಂದಿಡುತ್ತಾರೆ. ಇವೆಲ್ಲ ಬೇಡ ಎಂದು ಚೀನೀ ಭಾಷೆಯಲ್ಲಿ ಬರೆಸಿ ಫೋನಿನಲ್ಲಿ ಇಟ್ಟುಕೊಳ್ಳಿ. ದೀ ಸಾನ್ ಶಿಯೆನ್ ಎಂದು ಕೇಳಿ ನೋಡಿ. ಆಲೂಗಡ್ಡೆ, ಬದನೆಕಾಯಿ, ದೊಣ್ಣೆಮೆಣಸಿನಕಾಯಿ ಕರಿದು ಸೋಯಾ ಸಾಸ್‌ನಲ್ಲಿ ಕಲಸಿದ್ದು. ಬಿಳಿ ಅನ್ನದ ಜೊತೆ ಬಹಳ ಚೆನ್ನಾಗಿ ಹೋಗುತ್ತದೆ. ಬಿಸಿನೀರು ಮಾತ್ರ ಎಲ್ಲ ಕಡೆ ಸಿಗುತ್ತದೆ. ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟು, ಅವಲಕ್ಕಿಯ ಪ್ಯಾಕೆಟ್ ನಾಲ್ಕು ಒಯ್ದರೆ ಹಿರಿಯರಿಗೆ ಧೈರ್ಯ.

ಬೆಳಿಗ್ಗೆ: ಚೌಕದಿಂದ ಅರಮನೆಗೆ

ಏಳೂವರೆಗೆ ಹೊರಡಿ. ಚೀನಾ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ನಿನ್ನೆ ಬಂದಿಳಿದ ದೇಹಕ್ಕೆ ಅದು ಬೆಳಗಿನ ಜಾವ ಐದು. ರಾತ್ರಿ ಬೇಗ ಮಲಗಿ. ಚೌಕದ ಹತ್ತಿರ ಕಾರು ನಿಲ್ಲಿಸಲು ಬಿಡುವುದಿಲ್ಲ, ಸ್ವಲ್ಪ ನಡೆಯಬೇಕು. ತಪಾಸಣೆಯ ಸಾಲು ಒಂದೊಂದು ದಿನ ಅರ್ಧ ಗಂಟೆ ತಿನ್ನುತ್ತದೆ. ಚೌಕದಲ್ಲಿ ಹತ್ತು ನಿಮಿಷ ನಿಂತು ಮುಂದೆ ಹೋಗಿ.

ಗುಗೊಂಗ್‌ಗೆ ಒಳಗೆ ಬಿಡುವುದು ದಕ್ಷಿಣದ ಬಾಗಿಲಿನಿಂದ ಮಾತ್ರ. ಬಾಗಿಲು ತೆರೆಯುವುದು 8:30ಕ್ಕೆ. ಮಿಂಗ್ ವಂಶದ ಯೊಂಗ್ಲೆ ಚಕ್ರವರ್ತಿ 1406ರಲ್ಲಿ ಕಟ್ಟಲು ಶುರು ಮಾಡಿಸಿದ, 1420ರಲ್ಲಿ ಮುಗಿಯಿತು. ಎರಡು ವಂಶಗಳ 24 ಚಕ್ರವರ್ತಿಗಳು ಇಲ್ಲಿಂದ ಆಳಿದರು. ಕೊನೆಯವನು ಪೂಯಿ. 1912ರಲ್ಲಿ ಪಟ್ಟ ಬಿಟ್ಟಾಗ ಅವನಿಗೆ ಆರು ವರ್ಷ. ಆಮೇಲೂ ಹಿಂಭಾಗದ ಮನೆಗಳಲ್ಲಿ 1924ರವರೆಗೆ ಇದ್ದ. ಮರುವರ್ಷ ಅಕ್ಟೋಬರ್‌ನಲ್ಲಿ ಅರಮನೆ ಮ್ಯೂಸಿಯಂ ಆಯಿತು. ಜನಸಾಮಾನ್ಯರು ಐನೂರು ವರ್ಷ ಇಣುಕಲೂ ಆಗದಿದ್ದ ಬಾಗಿಲು ಅದು.

ಬಾಗಿಲಿನ ಮೇಲಿನ ಗುಬ್ಬಿಮೊಳೆಗಳನ್ನು ಎಣಿಸಿ. ಒಂಬತ್ತು ಸಾಲು, ಸಾಲಿಗೆ ಒಂಬತ್ತು. ಒಂಬತ್ತು ಚಕ್ರವರ್ತಿಯ ಸಂಖ್ಯೆ. ಹೊಸ್ತಿಲು ಬಹಳ ಎತ್ತರ. ಅದನ್ನು ತುಳಿಯಬಾರದು, ದಾಟಬೇಕು ಎಂದು ನಮ್ಮ ಗೈಡ್ ಹುಡುಗಿ ಹೇಳುವ ಮೊದಲೇ ಅಮ್ಮ ಸೀರೆ ಎತ್ತಿಕೊಂಡು ದಾಟಿಯಾಗಿತ್ತು. ನಿಮ್ಮಲ್ಲೂ ಹೀಗೇನಾ ಎಂದು ಅವಳಿಗೆ ಆಶ್ಚರ್ಯ. ಅಲ್ಲಿಂದ ಇಬ್ಬರೂ ಕೈ ಹಿಡಿದುಕೊಂಡೇ ನಡೆದರು.

ಮುಂದಿನ ದೊಡ್ಡ ಅಂಗಳದಲ್ಲಿ ಒಂದು ಮರವೂ ಇಲ್ಲ, ಬೇಸಿಗೆಯಾದರೆ ಟೋಪಿ ಹಾಕಿಕೊಳ್ಳಿ. ಮೂರು ಅಂತಸ್ತಿನ ಬಿಳಿ ಕಲ್ಲಿನ ಜಗಲಿಯ ಮೇಲೆ ಸಿಂಹಾಸನದ ಮಹಾಮಂದಿರ, ಥಾಯ್‌ಹೆ ದ್ಯೆನ್. ಒಳಗೆ ಬಿಡುವುದಿಲ್ಲ, ಬಾಗಿಲಿನಿಂದಲೇ ನೋಡಬೇಕು. ಅಲ್ಲಿ ಎಲ್ಲರೂ ಫೋನ್ ಎತ್ತಿ ನೂಕಾಡುತ್ತಾರೆ. ನೀವು ಹಿಂದೆ ಸರಿದು ಚಾವಣಿಯ ಅಂಚು ನೋಡಿ. ಹಳದಿ ಹೆಂಚಿನ ತುದಿಯಲ್ಲಿ ಪುಟ್ಟ ಪ್ರಾಣಿಗಳ ಸಾಲು ಇದೆ. ಕಟ್ಟಡದ ಅಂತಸ್ತು ಹೆಚ್ಚಿದಷ್ಟೂ ಪ್ರಾಣಿಗಳು ಹೆಚ್ಚು. ಹತ್ತು ಇರುವುದು ಈ ಒಂದೇ ಕಟ್ಟಡಕ್ಕೆ. ಪಕ್ಕದಲ್ಲಿರುವ ದೊಡ್ಡ ಹಂಡೆಗಳು ಬೆಂಕಿ ಆರಿಸುವ ನೀರಿಗೆ. ಎಲ್ಲ ಮರದ ಕಟ್ಟಡ, ಸಿಡಿಲಿಗೆ ಎಷ್ಟೋ ಸಲ ಸುಟ್ಟಿದೆ. ಚಳಿಗಾಲದಲ್ಲಿ ನೀರು ಗಡ್ಡೆಕಟ್ಟದಂತೆ ಹಂಡೆಯ ಕೆಳಗೆ ಕೆಂಡ ಹಾಕುತ್ತಿದ್ದರು.

ಸಿಂಹಾಸನದ ಮಂದಿರದ ಹಿಂದೆ ಸಾಲಾಗಿ ಇನ್ನೆರಡು ಮಂದಿರಗಳಿವೆ. ಮೂರನೆಯದರ ಹಿಂದೆ ಇಳಿಯುವಾಗ ಬಹಳ ಜನ ತಿರುಗಿ ನೋಡುವುದೇ ಇಲ್ಲ. ದಯವಿಟ್ಟು ನೋಡಿ. ಮೆಟ್ಟಿಲುಗಳ ನಡುವೆ ಹದಿನಾರು ಮೀಟರ್ ಮೀರಿದ ಒಂದೇ ಕಲ್ಲು, ಮೈತುಂಬ ಡ್ರ್ಯಾಗನ್ ಕೆತ್ತನೆ. ತೂಕ 200 ಟನ್‌ಗೂ ಜಾಸ್ತಿ. ಇಂಥ ಕಲ್ಲುಗಳನ್ನು ಹೇಗೆ ತಂದರು ಗೊತ್ತಾ? ಚಳಿಗಾಲಕ್ಕೆ ಕಾದು, ದಾರಿಗುಂಟ ಬಾವಿ ತೋಡಿ, ನೀರು ಸುರಿದು ರಸ್ತೆಯನ್ನೇ ಮಂಜುಗಡ್ಡೆ ಮಾಡಿ, ಅದರ ಮೇಲೆ ಎಳೆದರು. 1557ರಲ್ಲಿ 120 ಟನ್ ಮೀರಿದ ಒಂದು ಕಲ್ಲನ್ನು 70 ಕಿಲೋಮೀಟರ್ ದೂರದಿಂದ 28 ದಿನ ಎಳೆದು ತಂದ ದಾಖಲೆ ಇದೆ. ಆ ಕೂಲಿಗಳ ಕೈಗಳನ್ನು ನೆನೆಸಿಕೊಂಡೇ ನಾನು ಆ ಕಲ್ಲಿನ ಮುಂದೆ ನಿಂತಿದ್ದೆ.

ಇಲ್ಲಿಂದ ನೇರ ಉತ್ತರಕ್ಕೆ ಹೋದರೆ ಬೇಗ ಮುಗಿಯುತ್ತದೆ. ಹಾಗೆ ಮಾಡಬೇಡಿ. ಪೂರ್ವದ ಕಡೆ ತಿರುಗಿ ಖಜಾನೆ ಗ್ಯಾಲರಿಗೆ ಹೋಗಿ. ಅದಕ್ಕೆ ಬೇರೆ ಟಿಕೆಟ್, ಬುಕಿಂಗ್ ಮಾಡುವಾಗಲೇ ಸೇರಿಸಲು ಹೇಳಿ. ಒಂಬತ್ತು ಡ್ರ್ಯಾಗನ್‌ಗಳ ಬಣ್ಣದ ಗೋಡೆ ಅಲ್ಲಿದೆ, ಜನರೂ ಕಡಿಮೆ.

ಉತ್ತರದ ಬಾಗಿಲಿನಿಂದ ಹೊರಗೆ ಬಂದರೆ ಎದುರಿಗೇ ಜಿಂಗ್‌ಶಾನ್ ಗುಡ್ಡ. ಅರಮನೆಯ ಸುತ್ತ 52 ಮೀಟರ್ ಅಗಲದ ಕಂದಕ ತೋಡಿದ ಮಣ್ಣನ್ನೇ ಸುರಿದು ಮಾಡಿದ ಗುಡ್ಡ ಅದು. ಮಂಡಿ ಗಟ್ಟಿ ಇದ್ದು, ಗಂಟೆ ಹನ್ನೊಂದೂವರೆ ದಾಟಿರದಿದ್ದರೆ ಹತ್ತಿ. ಹಳದಿ ಹೆಂಚಿನ ಇಡೀ ಅರಮನೆ ಕಾಲಡಿ ಕಾಣುತ್ತದೆ. ಮಿಂಗ್ ವಂಶದ ಕೊನೆಯ ಚಕ್ರವರ್ತಿ 1644ರಲ್ಲಿ ನೇಣು ಹಾಕಿಕೊಂಡದ್ದು ಈ ಗುಡ್ಡದಲ್ಲೇ. ಸಮಯ ಮೀರಿದ್ದರೆ ಬಿಡಿ, ಗೋಡೆ ಕಾಯುತ್ತಿದೆ.

ಒಂದು ಎಚ್ಚರಿಕೆ. ಈ ಸುತ್ತಮುತ್ತ ಚೆನ್ನಾಗಿ ಇಂಗ್ಲಿಷ್ ಮಾತಾಡುವ ಯುವಕ ಯುವತಿಯರು ಬಂದು, ಟೀ ಕುಡಿಯೋಣ ಬನ್ನಿ ಎಂದು ಕರೆಯಬಹುದು. ಆ ಟೀ ಬಿಲ್ ಸಾವಿರಾರು ರೂಪಾಯಿ ಆಗುತ್ತದೆ. ನಗುತ್ತಾ ಬೇಡ ಎಂದು ಮುಂದೆ ಹೋಗಿ.

ಮಧ್ಯಾಹ್ನ: ಗೋಡೆಯ ಮೇಲೆ

ಹನ್ನೆರಡೂಕಾಲಿಗೆ ಕಾರು ಹತ್ತಿದರೆ ಎರಡು ಗಂಟೆಗೆ ಮುಟಿಯಾನ್ಯು. ಊಟ ಅಲ್ಲಿಯೇ ಬುಡದಲ್ಲಿ ಮಾಡಿ, ಅರ್ಧ ಗಂಟೆಗಿಂತ ಜಾಸ್ತಿ ಬೇಡ. ಚಳಿಗಾಲದಲ್ಲಿ ಕೇಬಲ್ ಕಾರ್ ಬೇಗ ನಿಲ್ಲಿಸುತ್ತಾರೆ. ಆಗ ಊಟ ಕಾರಿನಲ್ಲೇ ಆಗಲಿ. ಟಿಕೆಟ್ ಕೌಂಟರ್‌ನಿಂದ ಶಟಲ್ ಬಸ್ಸು ಮೇಲಕ್ಕೆ ಬಿಡುತ್ತದೆ.

ಈಗ ಒಂದು ತೀರ್ಮಾನ ಮಾಡಬೇಕು. ಮುಚ್ಚಿದ ಕೇಬಲ್ ಕಾರ್ 14ನೇ ಗೋಪುರದ ಹತ್ತಿರ ಬಿಡುತ್ತದೆ. ತೆರೆದ ಕುರ್ಚಿಯ ಚೇರ್‌ಲಿಫ್ಟ್ 6ನೇ ಗೋಪುರದ ಹತ್ತಿರ. ಜಾರುಬಂಡಿಯಲ್ಲಿ ಕೆಳಗೆ ಬರುವುದೂ ಈ 6ನೇ ಗೋಪುರದಿಂದಲೇ. ಕೇಬಲ್ ಕಾರ್ ಮತ್ತು ಚೇರ್‌ಲಿಫ್ಟ್ ಎರಡನ್ನೂ ಬೇರೆ ಬೇರೆಯವರು ನಡೆಸುವುದು, ಒಂದರ ಟಿಕೆಟ್ ಇನ್ನೊಂದಕ್ಕೆ ನಡೆಯುವುದಿಲ್ಲ. ಹಿರಿಯರಿದ್ದರೆ ಕೇಬಲ್ ಕಾರ್‌ನಲ್ಲೇ ಹೋಗಿ ಬನ್ನಿ. ಮಕ್ಕಳು, ಹುಡುಗರಿದ್ದರೆ ಚೇರ್‌ಲಿಫ್ಟ್ ಮತ್ತು ಜಾರುಬಂಡಿ. ಬೆನ್ನುನೋವಿರುವವರಿಗೆ ಜಾರುಬಂಡಿ ಬೇಡ, ಮಳೆ ಬಂದರೆ ಅದನ್ನು ನಿಲ್ಲಿಸಿಯೇ ಬಿಡುತ್ತಾರೆ. ಮೇಲಿಂದ ಒಂದು ಗೋಪುರ ಮಾತ್ರ ನೋಡಿ ಇಳಿಯಬೇಡಿ. 14ರಿಂದ ಕೆಳಗಿನ ಸಂಖ್ಯೆಗಳ ಕಡೆ ನಡೆದರೆ ಹೆಚ್ಚಿನ ದಾರಿ ಇಳಿಜಾರು. 20ರ ಕಡೆ ಹೋದರೆ ಕೊನೆಯ ಏರು ಏಣಿ ಹತ್ತಿದ ಹಾಗೆ. ಮೆಟ್ಟಿಲು ಒಂದು ಗೇಣಿದ್ದರೆ ಇನ್ನೊಂದು ಮೊಳ. ಹಿಡಿತ ಇರುವ ಶೂ ಹಾಕಿ, ಚಪ್ಪಲಿ ಬೇಡ.

ಮಹಾಗೋಡೆ ಎಂದರೆ ಒಂದೇ ಗೋಡೆಯಲ್ಲ. ಬೇರೆ ಬೇರೆ ಕಾಲದ ಎಲ್ಲ ಗೋಡೆ, ಕಂದಕ ಸೇರಿಸಿ 21,196 ಕಿಲೋಮೀಟರ್ ಎಂದು 2012ರಲ್ಲಿ ಚೀನಾ ಲೆಕ್ಕ ಕೊಟ್ಟಿತು. ನೀವು ಇಲ್ಲಿ ನಿಂತಿರುವುದು ಮಿಂಗ್ ಕಾಲದಲ್ಲಿ ಮತ್ತೆ ಕಟ್ಟಿದ್ದು, ಅಡಿಪಾಯ ಆರನೇ ಶತಮಾನದ ಉತ್ತರ ಛೀ ವಂಶದ್ದು. ನಮ್ಮ ಕಾಲದಲ್ಲಿ ದುರಸ್ತಿಯೂ ಆಗಿದೆ. ಇಲ್ಲಿ ಒಂದು ವಿಶೇಷ ಇದೆ. ಗೋಡೆಯ ಎರಡೂ ಕಡೆ ಬಾಣ ಬಿಡುವ ಕಿಂಡಿ ಇರುವ ತಡೆಗೋಡೆಗಳು. ಶತ್ರು ಒಳಗೆ ನುಗ್ಗಿದರೂ ಎರಡೂ ಕಡೆಯಿಂದ ಕಾದಾಡಬಹುದಿತ್ತು.

ಇಟ್ಟಿಗೆಗಳ ನಡುವಿನ ಗಾರೆಯನ್ನು ಮುಟ್ಟಿ ನೋಡಿ. ಮಿಂಗ್ ಕಾಲದ ಗಾರೆಗೆ ಸುಣ್ಣದ ಜೊತೆ ಅಂಟು ಅಕ್ಕಿಯ ಗಂಜಿ ಬೆರೆಸುತ್ತಿದ್ದರು. ನಮ್ಮ ಹಳೆಯ ಮನೆಗಳ ಗಾರೆಗೆ ಬೆಲ್ಲದ ನೀರು ಬೆರೆಸುತ್ತಿದ್ದರಲ್ಲ, ಹಾಗೆ. ಅನ್ನದ ಗಂಜಿ ಹಿಡಿದಿಟ್ಟ ಗೋಡೆ ಎಂದು ಗೊತ್ತಾದ ಮೇಲೆ ಅಮ್ಮ ಅದರ ಮೇಲೆ ಅಂಗೈ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಂತೇ ಇದ್ದರು. ಚಂದ್ರನಿಂದ ಈ ಗೋಡೆ ಕಾಣುತ್ತದೆ ಎಂದು ಮಕ್ಕಳು ಕೇಳಿದರೆ ಇಲ್ಲ ಎನ್ನಿ. 2003ರಲ್ಲಿ ಬಾಹ್ಯಾಕಾಶಕ್ಕೆ ಹೋದ ಚೀನಾದ ಮೊದಲ ಯಾತ್ರಿ ಯಾಂಗ್ ಲಿವೆಯ್ ತನಗೆ ಅಲ್ಲಿಂದಲೂ ಕಾಣಲಿಲ್ಲ ಎಂದೇ ಹೇಳಿದರು.

ಗೈಡ್ ಇಲ್ಲಿ ನಿಮ್ಮ ಜೊತೆ ಮೇಲೆ ಬರುತ್ತಾರಾ, ಕೆಳಗೇ ಕಾಯುತ್ತಾರಾ ಎಂದು ಮೊದಲೇ ಕೇಳಿಕೊಳ್ಳಿ. ಎಷ್ಟೋ ಜನ ಕೆಳಗೇ ನಿಲ್ಲುತ್ತಾರೆ. ಹಾಗಿದ್ದರೆ ಯಾವ ಜಾಗ, ಎಷ್ಟು ಗಂಟೆ ಎಂದು ಪಕ್ಕಾ ಮಾಡಿ, ಆ ಜಾಗದ ಫೋಟೋ ತೆಗೆದುಕೊಳ್ಳಿ. ಮೇಲೆ ಕನಿಷ್ಠ ಎರಡು ಗಂಟೆ ಇರಲಿ. ನಾಲ್ಕು ಗಂಟೆಯ ಮೇಲೆ ಬಸ್ ಟೂರ್‌ನವರು ಇಳಿದು ಹೋಗುತ್ತಾರೆ. ಬಿಸಿಲು ಓರೆಯಾಗುತ್ತದೆ. ಬೆಟ್ಟದ ಬೆನ್ನಿನ ಮೇಲೆ ಗೋಪುರದ ಹಿಂದೆ ಗೋಪುರ ಮಸುಕಾಗುತ್ತಾ ಹೋಗುವುದನ್ನು ಆಗ ಸುಮ್ನೆ ಕೂತು ನೋಡಿ.

ವಾಪಸ್

ಐದಕ್ಕೆ ಹೊರಟರೆ ಏಳರ ಹೊತ್ತಿಗೆ ನಗರ. ಭಾನುವಾರ ಸಂಜೆ ರಸ್ತೆಯಲ್ಲಿ ಗಾಡಿ ಜಾಸ್ತಿ, ಅಂದೇ ರಾತ್ರಿಯ ವಿಮಾನ ಇಟ್ಟುಕೊಳ್ಳಬೇಡಿ. ಟಿಪ್ಸ್ ಕೊಡಲೇಬೇಕೆಂಬ ಪದ್ಧತಿ ಅಲ್ಲಿಲ್ಲ. ನಾವು ಊರಿಂದ ಒಯ್ದಿದ್ದ ಮೈಸೂರು ಪಾಕಿನ ಡಬ್ಬಿಯನ್ನು ಗೈಡ್ ಹುಡುಗಿಯ ಕೈಗಿಟ್ಟೆವು. ಇಳಿಯುವ ಮೊದಲು ನಿಮ್ಮ ಹೋಟೆಲ್ ಹೆಸರು, ವಿಳಾಸವನ್ನು ಚೀನೀ ಲಿಪಿಯಲ್ಲಿ ಬರೆಸಿಕೊಳ್ಳಿ. ರಾತ್ರಿ ಊಟಕ್ಕೆಂದು ಹೊರಗೆ ಹೋದಾಗ ಟ್ಯಾಕ್ಸಿಯವರಿಗೆ ತೋರಿಸಲು ಅದೊಂದು ಚೀಟಿ ಜೇಬಿನಲ್ಲಿರಲಿ.